ಹದಿಮೂರನೆಯ ಸಾಲಿನ ಅಲ್ಪವಿರಾಮ

ಸ್ಪ್ರಿಂಗ್ ಸಿಟಿ, ಯೂಟಾ
21 ಅಕ್ಟೋಬರ್ 1923

ಸಹೋದರಿ ಪಗ್ಮೈರ್ ಅವರಿಗೆ,

ಎರಡು ವಾರದ ಹಿಂದೆ ಸಾಲ್ಟ್ ಲೇಕ್‌ನಲ್ಲಿ, ನಮ್ಮ ಚರ್ಚಿನ ಮಹಾಸಭೆಯ ಮಧ್ಯಾಹ್ನದ ಬಿಡುವಿನಲ್ಲಿ, ದೇವಾಲಯದ ಅಂಗಳದ ಹುಲ್ಲಿನ ಮೇಲೆ ನಿಮ್ಮ ಪಕ್ಕ ಕೂತು ತಣ್ಣಗಿನ ಕುರಿಮಾಂಸ ತಿನ್ನುತ್ತಿದ್ದ ಮನುಷ್ಯ ನಾನು. ಹೆಸರು ಥೋರ್ವಾಲ್ ಮಿಕ್ಕೆಲ್‌ಸನ್. ನಮ್ಮೂರಲ್ಲಿ ಹಾಗೆಂದರೆ ಯಾರಿಗೂ ಗೊತ್ತಾಗುವುದಿಲ್ಲ, ಮಿಕ್ಕೆಲ್‌ಸನ್‌ಗಳದೇ ಹದಿನಾಲ್ಕು ಮನೆ. ಕಸಾಯಿ ಥೋರ್ವಾಲ್ ಎಂದರೆ ಬೀದಿನಾಯಿಗಳಿಗೂ ಗೊತ್ತು.

ನೀವು ನನ್ನ ಬುತ್ತಿ ನೋಡಿ ಕೇಳಿದ್ದು ಒಂದೇ ಮಾತು. “ಚಳಿಗಾಲ ಇನ್ನೂ ಶುರುವಾಗಿಲ್ವಲ್ಲ, ಸಹೋದರರೇ?” ನಾನು ತಲೆಯೆತ್ತಿ ಆಕಾಶ ನೋಡಿದೆ. ನೀವು ನಕ್ಕಿರಿ. ಆಮೇಲೆ ಒಣಗಿಸಿದ ಸೇಬಿನ ಹೋಳು ಕೊಟ್ಟಿರಿ. ಅದನ್ನು ಮಾಡುವುದು ಹೇಗೆಂದು ತಿಳಿಯಬೇಕು ಎಂದು ನೆಪ ಹೇಳಿ ನಿಮ್ಮ ವಿಳಾಸ ತೆಗೆದುಕೊಂಡೆ. ಸೇಬಿನ ವಿಚಾರ ಇನ್ನೊಮ್ಮೆ ಬರೆಯಿರಿ. ಈಗ ತಲೆಗೆ ಬೇರೆ ಹುಳ ಬಿಟ್ಟಿದ್ದೀರಿ.

ತಂಬಾಕು, ಮದ್ಯ, ಚಹಾ, ಕಾಫಿ, ಈ ನಾಲ್ಕರ ಬಗ್ಗೆ ಬಿಷಪ್ ನನ್ನನ್ನು ಕೇಳುತ್ತಲೇ ಇರುತ್ತಾರೆ. ಮಾಂಸದ ಬಗ್ಗೆ ಮೂವತ್ತು ವರ್ಷದಲ್ಲಿ ಒಬ್ಬ ಬಿಷಪ್ಪೂ ಕೇಳಿಲ್ಲ. ಕೇಳಬೇಕಾದವರೆಲ್ಲ ನನ್ನ ಗಿರಾಕಿಗಳು. ಮಾಂಸಕ್ಕೂ ಚಳಿಗಾಲಕ್ಕೂ ಗಂಟು ಹಾಕಿದ ಆ ಸಾಲು ನಮ್ಮ ವಿವೇಕವಚನದಲ್ಲಿ, ಏನು ತಿನ್ನಬೇಕು ಏನು ಬಾರದೆಂದು ದೇವರು ನಮ್ಮ ಪ್ರವಾದಿಗೆ ಹೇಳಿದ ಮಾತಿನಲ್ಲಿ, ಇದೆಯೆಂದು ನನಗೂ ಗೊತ್ತು, ಆದರೆ ಅದನ್ನು ಕ್ಯಾಲೆಂಡರಿನ ಹಾಗೆ ಗೋಡೆಗೆ ನೇತುಹಾಕಿಕೊಂಡು ಬದುಕುವವರನ್ನು ಇದುವರೆಗೆ ಕಂಡಿರಲಿಲ್ಲ.

ಆದ್ದರಿಂದ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಚಳಿಗಾಲ ಯಾವ ದಿನ ಶುರುವಾಗುತ್ತದೆ, ಯಾವ ದಿನ ಮುಗಿಯುತ್ತದೆ? ನಮ್ಮಲ್ಲಿ ಈ ವರ್ಷ ಜೂನ್ ಒಂಬತ್ತಕ್ಕೆ ಬಟಾಣಿ ಬಳ್ಳಿಯೆಲ್ಲ ಹಿಮಕ್ಕೆ ಕರಟಿಹೋಯಿತು. ಆ ದಿನ ನಾನು ಒಂದು ಕುರಿ ಕಡಿದು ತಿಂದಿದ್ದರೆ ಸರಿಯೋ ತಪ್ಪೋ? ಇನ್ನೊಂದು ವಿಷಯ. ಅಲ್ಲಿ ಮೃಗ ಎಂದಿದೆ, ಹಕ್ಕಿ ಎಂದಿದೆ. ಮೀನು ಯಾವುದರಲ್ಲಿ ಬಂತು?

ತಮಾಷೆಗೆ ಕೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಸ್ವಲ್ಪ ತಮಾಷೆಯೂ ಇದೆ.

ಥೋರ್ವಾಲ್ ಮಿಕ್ಕೆಲ್‌ಸನ್


ವೆಲ್ಸ್‌ವಿಲ್, ಯೂಟಾ
4 ನವೆಂಬರ್ 1923

ಸಹೋದರ ಮಿಕ್ಕೆಲ್‌ಸನ್ ಅವರಿಗೆ,

ಇಂದು ತಿಂಗಳ ಮೊದಲ ಭಾನುವಾರ, ಉಪವಾಸ. ಖಾಲಿ ಹೊಟ್ಟೆಯಲ್ಲಿ ಊಟದ ವಿಚಾರ ಬರೆಯಲು ಕೂತಿದ್ದೇನೆ, ಎಲ್ಲಾದರೂ ಮಾತು ಬಿರುಸಾದರೆ ಹೊಟ್ಟೆಯ ಮೇಲೆ ತಪ್ಪು ಹಾಕಿ. ಹದಿನೆಂಟು ವರ್ಷ ಶಾಲೆಯಲ್ಲಿ ವ್ಯಾಕರಣ ಕಲಿಸಿದವಳು ನಾನು. ಪಾಠ ಹೇಳಿದ ಹಾಗೆ ಕೇಳಿಸಿದರೆ ಅದು ಅಭ್ಯಾಸಬಲ.

ಹಿತ್ತಿಲ ಬಾಗಿಲ ಬಳಿ ಒಂದು ಬಕೆಟ್ ಇಟ್ಟಿದ್ದೇನೆ. ಅದರ ನೀರು ಮೂರು ದಿನ ಒಂದೇ ಸಮನೆ ಗಡ್ಡೆ ಕಟ್ಟಿದರೆ ನಮ್ಮ ಮನೆಗೆ ಚಳಿಗಾಲ ಬಂತು. ತೋಟದಲ್ಲಿ ಹಸಿರು ಈರುಳ್ಳಿ ಮೊದಲು ತಲೆಯೆತ್ತಿದ ದಿನ ಅದು ಮುಗಿಯಿತು. ಇದು ನನ್ನ ಯಜಮಾನರು ಲೋರಿನ್ ಹಾಕಿಕೊಟ್ಟ ನಿಯಮ. ಅವರು ಹೋದ ವರ್ಷ ಸೆಪ್ಟೆಂಬರ್ ಎರಡಕ್ಕೆ ತೀರಿಕೊಂಡರು. ನಾನು ನಡೆಸಿಕೊಂಡು ಬರುತ್ತಿದ್ದೇನೆ.

ನಿಮ್ಮ ಜೂನ್ ಒಂಬತ್ತು ಒಂದು ದಿನದ ಚಳಿ, ಅದನ್ನು ಚಳಿಗಾಲ ಎನ್ನಲಾಗದು. ಆದರೆ ಆ ಸಾಲಿನಲ್ಲಿ ಚಳಿಗೂ ವಿನಾಯಿತಿ ಇದೆ, ಬರಗಾಲಕ್ಕೂ ಇದೆ. ಹೇಗೆ ಓದಿದರೂ ಆ ಕುರಿ ಬದುಕುವ ಸಂಭವ ಕಾಣುವುದಿಲ್ಲ.

ಮೀನಿನ ಪ್ರಶ್ನೆಯನ್ನು ನಮ್ಮ ಹೆಂಗಸರ ಸಂಘದಲ್ಲಿ ಎತ್ತಿದೆ. ಅರ್ಧ ಗಂಟೆ ಚರ್ಚೆಯಾಯಿತು, ಹೊಲಿಯುತ್ತಿದ್ದ ರಜಾಯಿ ಹಾಗೇ ಉಳಿಯಿತು. ಲೋರಿನ್ ಅವರ ಚಿಕ್ಕಮ್ಮ ಕೆಜಾಯಾ ಅಲ್ಲೇ ಇದ್ದರು. ಎಂಬತ್ತನಾಲ್ಕು ವಯಸ್ಸು, ಹುಡುಗಿಯಾಗಿದ್ದಾಗ ಎತ್ತಿನ ಗಾಡಿಯ ಹಿಂದೆ ಬಯಲು ದಾಟಿ ಬಂದವರು. ಅವರು ಸೂಜಿಯಿಂದ ಕಣ್ಣೆತ್ತದೆ ಹೇಳಿದರು: “ಮೀನಿಗೆ ಬೇಸಿಗೆ ಎಲ್ಲಿ ಗೊತ್ತೇ? ಅದು ಯಾವಾಗ್ಲೂ ತಣ್ಣೀರಲ್ಲೇ ಇರುತ್ತೆ. ತಿನ್ನೋಕೆ ಹೇಳು ಆ ಮನುಷ್ಯಂಗೆ.” ಅಲ್ಲಿಗೆ ಚರ್ಚೆ ಮುಗಿಯಿತು.

ಸಂಜೆಯಾಗುತ್ತಿದೆ. ಉಪವಾಸ ಮುರಿಯಲು ಓಟ್ಸ್ ಗಂಜಿ ಒಲೆಯ ಮೇಲಿದೆ. ಇನ್ನೂ ಪ್ರಶ್ನೆಗಳಿದ್ದರೆ ಬರೆಯಿರಿ. ನನಗೆ ಪ್ರಶ್ನೆ ಕೇಳುವವರು ಇಷ್ಟ.

ಆರ್ವಿಲ್ಲಾ ಪಗ್ಮೈರ್


ಸ್ಪ್ರಿಂಗ್ ಸಿಟಿ
9 ಡಿಸೆಂಬರ್ 1923

ಸಹೋದರಿ ಪಗ್ಮೈರ್ ಅವರಿಗೆ,

ಕೃತಜ್ಞತಾ ಹಬ್ಬಕ್ಕೆ ಅಷ್ಟು ದೂರದ ನಿಮ್ಮೂರಿಗೆ ಬಂದು, ಕೆಜಾಯಾ ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಂಡು, ಎರಡು ದಿನ ನಿಮ್ಮ ಕೈಯ ಊಟ ಮಾಡಿ ಬಂದವನಿಗೆ ನಿಮ್ಮನ್ನು ಸಹೋದರಿ ಎಂದು ಬರೆಯಲು ಕೈ ಬರುತ್ತಿಲ್ಲ. ಬೇರೆ ಏನು ಬರೆಯಬೇಕೆಂದೂ ಗೊತ್ತಿಲ್ಲ, ಇರಲಿ. ಆ ಬಕೆಟ್ ನೋಡಿದೆ. ಗಡ್ಡೆ ಬೆರಳು ದಪ್ಪ ಇತ್ತು. ನೀವು ಕೋಳಿ ಬಡಿಸಿದಿರಿ. ನೀರು ಗಡ್ಡೆ ಕಟ್ಟಿತೆಂದು ಅಷ್ಟು ಸಂತೋಷಪಟ್ಟದ್ದು ಜನ್ಮದಲ್ಲಿ ಇದೇ ಮೊದಲು.

ನಿಮ್ಮ ಹಿಂದಿನ ಕಾಗದವನ್ನು ನನ್ನ ನಾದಿನಿ ಡಾಗ್ಮಾರ್‌ಗೆ ಓದಿ ಹೇಳಿದೆ. ಅವಳು ಪಕ್ಕದ ಮನೆಯಲ್ಲಿದ್ದಾಳೆ, ಬೆಳಿಗ್ಗೆ ಬೆಳಿಗ್ಗೆ ಹುರಿದ ಬಾರ್ಲಿಯ ಕಷಾಯ ಕುಡಿಯುತ್ತಾಳೆ. ಬಾರ್ಲಿ ಎಂದು ಅವಳು ಹೇಳುತ್ತಾಳೆ, ವಾಸನೆ ಮಾತ್ರ ಬೀದಿಯ ತುದಿಯವರೆಗೂ ಕಾಫಿಯದೇ. ಅವಳು ಕೇಳಿಸಿಕೊಂಡು, “ಓಟ್ಸ್ ಗಂಜಿನಾ? ಅದೇ ಮಾತಲ್ಲಿ ಗೋಧಿ ಮನುಷ್ಯರಿಗೆ, ಓಟ್ಸ್ ಕುದುರೆಗೆ ಅಂತ ಇದ್ಯಲ್ಲ ಭಾವ? ಆಯಮ್ಮಂಗೆ ಹೇಳಿ, ನಾವು ಕುರಿ ತಿಂದ್ರೆ ಅವರು ಕುದುರೆ ಪಾಲು ತಿಂತಾರೆ ಅಂತ” ಎಂದಳು. ಹೇಳಿದ್ದೇನೆ.

ನನಗೊಂದು ಯೋಚನೆ ಬಂದಿದೆ. ತೊಂಬತ್ತು ವರ್ಷದ ಹಿಂದೆ ವಿವೇಕವಚನ ಬಂದ ಕಾಲಕ್ಕೆ ಮಂಜುಗಡ್ಡೆಯ ಉಗ್ರಾಣ ಎಷ್ಟು ಜನರ ಹತ್ತಿರ ಇತ್ತು? ಜುಲೈನಲ್ಲಿ ನಾನು ಶುಕ್ರವಾರ ಮಧ್ಯಾಹ್ನ ಕಡಿದದ್ದನ್ನು ಶನಿವಾರ ಹತ್ತು ಗಂಟೆಯೊಳಗೆ ಮಾರಿ ಮುಗಿಸದಿದ್ದರೆ ಉಳಿದದ್ದಕ್ಕೆ ನೊಣಗಳೇ ಗಿರಾಕಿ. ದೇವರು ನಮ್ಮ ಹೊಟ್ಟೆ ಕೆಡದಿರಲಿ ಎಂದು ಹೇಳಿರಬಹುದು. ಈಗ ಕೆರೆಯಿಂದ ಗಡ್ಡೆ ಕೊಯ್ದು ಮರದ ಹೊಟ್ಟಿನಲ್ಲಿ ಹೂತಿಟ್ಟರೆ ಆಗಸ್ಟ್ ತಿಂಗಳವರೆಗೂ ಕರಗುವುದಿಲ್ಲ. ಅಂದರೆ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ವರ್ಷವಿಡೀ ಚಳಿಗಾಲ. ಅಲ್ಲಿ ಕೂತು ತಿಂದರೆ ಹೇಗೆ?

ಈಗ ನಿಜವಾದ ಪ್ರಶ್ನೆ. ಕಾರೆನ್ ಹೋಗಿ ನಾಲ್ಕು ವರ್ಷವಾಯಿತು. ನೀವು ನನ್ನನ್ನು ಮದುವೆಯಾಗುತ್ತೀರಾ? ಈ ಲೋಕದ ಮಟ್ಟಿಗೆ ಕೇಳುತ್ತಿದ್ದೇನೆ. ಆ ಲೋಕದಲ್ಲಿ ನೀವು ಲೋರಿನ್ ಅವರಿಗೆ, ನಾನು ಕಾರೆನ್‌ಗೆ ಎಂದು ದೇವಾಲಯದಲ್ಲಿ ಬೆಸೆದಾಗಿದೆ, ಅದಕ್ಕೆ ಕೈ ಹಾಕುವ ಆಸೆ ನನಗಿಲ್ಲ. ಅವಸರ ಎನಿಸಬಹುದು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಸಾವಕಾಶ ಮಾಡುವುದು ಅದಕ್ಕಿಂತ ದಡ್ಡತನ. ಮನೆ ಅಂಗಡಿಯ ಹಿಂದೆಯೇ ಇದೆ. ಮುಚ್ಚಿಡುವುದಿಲ್ಲ, ಶುಕ್ರವಾರ ಮಧ್ಯಾಹ್ನ ವಾಸನೆ ಬರುತ್ತದೆ.

ಥೋರ್ವಾಲ್


ವೆಲ್ಸ್‌ವಿಲ್
6 ಜನವರಿ 1924

ಥೋರ್ವಾಲ್ ಅವರಿಗೆ,

ದೇವರು ಮಂಜುಗಡ್ಡೆ ವ್ಯಾಪಾರಿಯ ಹಾಗೆ ಯೋಚಿಸಿರಲಾರ ಎಂದು ನನ್ನ ಅಭಿಪ್ರಾಯ. ಓಟ್ಸ್ ವಿಚಾರದಲ್ಲಿ ಡಾಗ್ಮಾರ್ ಗೆದ್ದರು. ಈಗ ಗೋಧಿ ನುಚ್ಚಿನ ಗಂಜಿ ಕುಡಿಯುತ್ತಿದ್ದೇನೆ. ಬಾರ್ಲಿ ಸಾಕುಪ್ರಾಣಿಗಳಿಗೆಂದು ಅಲ್ಲೇ ಬರೆದಿದೆ ಎಂಬುದನ್ನೂ ಅವರಿಗೆ ಒಮ್ಮೆ ತೆಗೆದು ತೋರಿಸಿ.

ಮದುವೆಗೆ ನನ್ನ ಒಪ್ಪಿಗೆ ಇದೆ. ಈ ನಾಲ್ಕು ಪದ ಬರೆಯಲು ಬೆಳಗಿನಿಂದ ಕೂತಿದ್ದೇನೆ.

ಒಂದು ಷರತ್ತು. ಹಸಿರು ಈರುಳ್ಳಿ ಎದ್ದ ದಿನದಿಂದ ಬಕೆಟ್ಟಿನ ನೀರು ಕಟ್ಟುವವರೆಗೆ ನಮ್ಮ ಊಟದ ಮೇಜಿನ ಮೇಲೆ ಮಾಂಸ ಬರಕೂಡದು. ನಿಮಗೂ ಬಡಿಸುವುದಿಲ್ಲ, ಬಂದವರಿಗೂ ಬಡಿಸುವುದಿಲ್ಲ. ಅಂಗಡಿ ನಿಮ್ಮದು, ಮೇಜು ನನ್ನದು. ಶುಕ್ರವಾರದ ವಾಸನೆಯನ್ನು ಸಹಿಸಿಕೊಳ್ಳುತ್ತೇನೆ, ಇದರಲ್ಲಿ ಮಾತ್ರ ಒಂದು ಕೂದಲಷ್ಟೂ ಬಿಟ್ಟುಕೊಡಲಾರೆ.

ಕಾರಣ ಕೇಳಬೇಡಿ. ಕಾರಣ ವಿವೇಕವಚನದ ಹದಿಮೂರನೆಯ ಸಾಲಿನಲ್ಲೇ ಇದೆ.

ಆರ್ವಿಲ್ಲಾ


ಸ್ಪ್ರಿಂಗ್ ಸಿಟಿ
20 ಜನವರಿ 1924

ಆರ್ವಿಲ್ಲಾ ಅವರಿಗೆ,

ನಿಮ್ಮ ನಾಲ್ಕು ಪದ ಓದಿ ಅಂಗಡಿಗೆ ಬೀಗ ಹಾಕಿ ಕೆರೆಯವರೆಗೆ ನಡೆದುಹೋಗಿ ಬಂದೆ. ಶನಿವಾರ ಬೆಳಿಗ್ಗೆ ಅಂಗಡಿ ಮುಚ್ಚಿದ್ದು ನೋಡಿ ಊರಿನವರು ನಾನೇ ಸತ್ತೆನೆಂದು ಡಾಗ್ಮಾರ್‌ಳನ್ನು ವಿಚಾರಿಸಿದರಂತೆ.

ಕಾರಣ ಸಾಲಿನಲ್ಲಿದೆ ಎಂದಿರಿ. ಸರಿ, ಸಾಲನ್ನೇ ತೆಗೆದೆ. ಬೇರೆ ಹಾಳೆಯಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡಿ. ಡೆನ್ಮಾರ್ಕ್‌ನಿಂದ ಬಂದಾಗ ಇಂಗ್ಲಿಷಿನಲ್ಲಿ ನನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಮದುವೆಯಾದ ಮೇಲೆ ಕಾರೆನ್ ಕಲಿಸಿದ್ದು.

ನೋಡಿ, ಅಲ್ಲಿ ಹೀಗಿದೆ: ಅವನ್ನು ಬಳಸಬಾರದು ಚಳಿಗಾಲದಲ್ಲಿ ಮಾತ್ರ. ನನಗೆ ಅರ್ಥವಾಗುವುದು ಇಷ್ಟು. ಬರೀ ಚಳಿಗಾಲದಲ್ಲಿ ಮಾಂಸ ತಿಂದು ಉಳಿದ ಕಾಲ ಸುಮ್ಮನಿರಬೇಡಿ, ವರ್ಷವಿಡೀ ತಿನ್ನಿ, ಹಿಂದಿನ ಸಾಲಿನಲ್ಲಿ ಹೇಳಿದ ಹಾಗೆ ಮಿತವಾಗಿ ತಿನ್ನಿ. ಕಾರೆನ್ ಕೂಡ ಹಾಗೇ ತಿಳಿದಿದ್ದಳು. ನೀವು ಅದೇ ಸಾಲು ಓದಿ ತಲೆಕೆಳಗಾಗಿ ಅರ್ಥ ಮಾಡುತ್ತೀರಲ್ಲ, ಅದು ಹೇಗೆಂದು ನನಗೆ ನಿಜವಾಗಿಯೂ ತಿಳಿಯಬೇಕು.

ಬೀನ್ಸ್ ತಿನ್ನಲು ನನಗೆ ಕಷ್ಟವಿಲ್ಲ. ಆರು ತಿಂಗಳು ಬೀನ್ಸ್, ಬ್ರೆಡ್ಡು, ಹಾಲು ಎಂದರೂ ತಿಂದುಕೊಂಡಿರುತ್ತೇನೆ. ಆದರೆ ನನ್ನ ಕಸುಬು ಅರ್ಧ ವರ್ಷ ಪಾಪ ಎಂದು ಹೇಳುವ ಮೇಜಿನ ಮುಂದೆ ದಿನಾ ಕೂರುವುದು ಹೇಗೆ? ಬೇಸಿಗೆಯಲ್ಲಿ ಕೈ ತೊಳೆದುಕೊಂಡು ಬಂದು ಕೂತಾಗ ನೀವು ನನ್ನ ಕೈ ನೋಡುತ್ತೀರಿ. ಅದಕ್ಕೆ ಉತ್ತರ ಕೊಡಿ.

ಥೋರ್ವಾಲ್


ವೆಲ್ಸ್‌ವಿಲ್
3 ಫೆಬ್ರವರಿ 1924

ಥೋರ್ವಾಲ್ ಅವರಿಗೆ,

ಉತ್ತರ ಸುಲಭವಾಗಿದೆ. ನೀವು ಬರೆಯುವಾಗ ಒಂದು ಅಲ್ಪವಿರಾಮ ಬಿಟ್ಟಿದ್ದೀರಿ. ಕೆಂಪು ಶಾಯಿಯಲ್ಲಿ ಅದನ್ನು ಹಾಕಿ ನಿಮ್ಮ ಹಾಳೆಯನ್ನು ವಾಪಸು ಕಳಿಸಿದ್ದೇನೆ. ‘ಅವನ್ನು ಬಳಸಬಾರದು’ ಎಂದ ಮೇಲೆ ಒಂದು ಚಿಕ್ಕ ತಡೆ ಇದೆ. ಆಮೇಲೆ ‘ಚಳಿಗಾಲದಲ್ಲಿ ಮಾತ್ರ’. ಮೊದಲು ಬೇಡ ಎಂದು ಹೇಳಿ ಮುಗಿಸಿ, ಆಮೇಲೆ ಒಂದು ಕಿಂಡಿ ತೆರೆದ ಹಾಗೆ. ಆ ಚಿಹ್ನೆ ಬಿಟ್ಟರೆ ವಾಕ್ಯ ನೀವು ಹೇಳಿದ ಹಾಗೆಯೇ ತಲೆಕೆಳಗಾಗುತ್ತದೆ.

ಇದು ದೊಡ್ಡ ತಪ್ಪೇನಲ್ಲ. ಬರೆಯುವ ರೂಢಿ ಕಡಿಮೆ ಇರುವವರಿಗೆ ಸಹಜ, ನನ್ನ ಶಾಲೆಯ ಮಕ್ಕಳೂ ಇದನ್ನೇ ಮಾಡುತ್ತಿದ್ದರು. ಇನ್ನೆರಡು ಕಾಗುಣಿತವನ್ನೂ ತಿದ್ದಿದ್ದೇನೆ.

ಇನ್ನು ನನ್ನ ಷರತ್ತಿಗೆ ನಿಮ್ಮ ಉತ್ತರ ಕಳಿಸಿದರೆ ದೇವಾಲಯಕ್ಕೆ ದಿನ ಗೊತ್ತುಮಾಡಬಹುದು.

ಆರ್ವಿಲ್ಲಾ


ವೆಲ್ಸ್‌ವಿಲ್
16 ಮಾರ್ಚ್ 1924

ಥೋರ್ವಾಲ್ ಅವರಿಗೆ,

ಆರು ವಾರವಾಯಿತು. ಪತ್ರ ತಲುಪಿತೋ ಇಲ್ಲವೋ ಎಂದು ಅಂಚೆಯವನನ್ನು ಎರಡು ಸಲ ಕೇಳಿದೆ. ಅವನು ಮೂರನೆಯ ಸಲ ನಾನು ಕೇಳುವ ಮೊದಲೇ ತಲೆ ಅಲ್ಲಾಡಿಸಿದ.

ಆರು ತಿಂಗಳ ಬೀನ್ಸ್ ಕಷ್ಟವಾದರೆ ಹಾಗೆಂದು ಬರೆದುಬಿಡಿ. ನಾನು ಅಳುವ ವಯಸ್ಸಿನವಳಲ್ಲ. ಉತ್ತರ ಕೊಡದೆ ಇರುವುದು ಮಾತ್ರ ಸಭ್ಯತೆಯಲ್ಲ.

ಕೆಜಾಯಾ ಚಿಕ್ಕಮ್ಮ ದಿನಾ ಕೇಳುತ್ತಾರೆ, “ನಿನ್ನ ಮೀನಿನ ಮನುಷ್ಯ ಎಲ್ಲಿ ಹೋದ್ನೇ?”

ಆರ್ವಿಲ್ಲಾ


ಸ್ಪ್ರಿಂಗ್ ಸಿಟಿ
13 ಏಪ್ರಿಲ್ 1924

ಸಹೋದರಿ ಪಗ್ಮೈರ್ ಅವರಿಗೆ,

ಈ ಸಲ ಮಹಾಸಭೆಗೆ ಹೋಗಲಿಲ್ಲ. ನೀವು ಬಂದಿರಬಹುದೆಂದೇ ಹೋಗಲಿಲ್ಲ.

ಜೊತೆಗೆ ವಿವೇಕವಚನವಿರುವ ನಮ್ಮ ಮನೆಯ ಪುಸ್ತಕ ಕಳಿಸಿದ್ದೇನೆ. ಕಾರೆನ್ ನಮ್ಮ ಮದುವೆಯ ವರ್ಷ, 1891ರಲ್ಲಿ ಕೊಂಡದ್ದು. ಇದರಲ್ಲೇ ನಾನು ಓದಲು ಕಲಿತೆ. ಅವಳು ಒಂದೊಂದು ಪದದ ಕೆಳಗೂ ಬೆರಳಿಡುತ್ತಿದ್ದಳು, ನಾನು ಕೂಡಿಸಿಕೊಂಡು ಓದುತ್ತಿದ್ದೆ. ಪುಟದ ಅಂಚು ಅವಳ ಬೆರಳಿಗೇ ಸವೆದಿದೆ.

ಹದಿಮೂರನೆಯ ಸಾಲು ತೆಗೆದು ನೋಡಿ. ಅಲ್ಲಿ ಅಲ್ಪವಿರಾಮ ಇದ್ದರೆ ನಾನು ಬಿಟ್ಟಿದ್ದೇನೆ. ಇಲ್ಲದಿದ್ದರೆ ನೀವು ಹಾಕಿದ್ದೀರಿ. ಅವಳು ಓದಿಸಿದ್ದರಲ್ಲಿ ಒಂದು ಚುಕ್ಕಿಯನ್ನೂ ನಾನು ಬಿಟ್ಟವನಲ್ಲ.

ಬೀನ್ಸ್ ಕಾರಣವಲ್ಲ.

ಟಿ. ಮಿಕ್ಕೆಲ್‌ಸನ್


ವೆಲ್ಸ್‌ವಿಲ್
22 ಜೂನ್ 1924

ಥೋರ್ವಾಲ್ ಅವರಿಗೆ,

ಹತ್ತು ವಾರ ನಿಮ್ಮ ಪುಸ್ತಕ ಇಟ್ಟುಕೊಂಡು ಸುಮ್ಮನಿದ್ದೆ. ಸಭ್ಯತೆಯ ಪಾಠ ಹೇಳಿದವಳು ನಾನೇ.

ನಿಮ್ಮದರಲ್ಲಿ ಅಲ್ಪವಿರಾಮ ಇಲ್ಲ. ನನ್ನದರಲ್ಲಿ ಇದೆ. ಎರಡನ್ನೂ ಕಿಟಕಿಯ ಬಳಿ ಪಕ್ಕಪಕ್ಕ ಇಟ್ಟು ನೋಡಿದೆ. ನನ್ನದರಲ್ಲಿರುವುದು ನೊಣದ ಕಲೆ ಇರಬಹುದೆಂದು ಉಗುರಿನಿಂದ ಕೆರೆದೆ. ಅದು ಅಚ್ಚಾದದ್ದೇ. ನನ್ನ ಪುಸ್ತಕ 1921ರ ಹೊಸ ಮುದ್ರಣ. ಆಮೇಲೆ ಕೆಜಾಯಾ ಚಿಕ್ಕಮ್ಮನ ಮನೆಗೆ ಹೋಗಿ ಅವರ ಹಳೆಯ ಪ್ರತಿ ತೆಗೆಸಿದೆ. ಅದರಲ್ಲೂ ಇಲ್ಲ. ಚಿಕ್ಕಮ್ಮ ನನ್ನ ಮುಖ ನೋಡಿ, “ಒಂದು ಕಾಮಾಗೆ ಹಿಂಗ್ ಬೆವರ್ತಾರಾ? ನಾವು ಬಯಲಲ್ಲಿ ಸತ್ತ ಎತ್ತು ತಿಂದಾಗ ಪುಸ್ತಕ ತೆಗ್ದು ನೋಡಿದ್ವಾ?” ಎಂದರು.

ಎರಡರಲ್ಲಿ ಯಾವುದು ಸರಿಯೋ ನನಗೆ ಗೊತ್ತಿಲ್ಲ. ಹಳೆಯದರಲ್ಲಿ ಬಿಟ್ಟುಹೋದದ್ದನ್ನು ಹೊಸದರಲ್ಲಿ ತಿಳಿದವರು ಸರಿಮಾಡಿರಬಹುದು. ನೀವು ಬಿಟ್ಟದ್ದಂತೂ ಅಲ್ಲ. ನಿಮ್ಮ ಹಾಳೆಯ ಮೇಲೆ ಕೆಂಪು ಶಾಯಿ ಹಾಕಿದ್ದು, ಮಕ್ಕಳಿಗೆ ಹೋಲಿಸಿದ್ದು, ಎರಡಕ್ಕೂ ಕ್ಷಮೆ ಕೇಳುತ್ತೇನೆ. ನನಗೆ ನಾಚಿಕೆಯಾಗಿದೆ.

ಇಷ್ಟು ಬರೆಯಲು ಹತ್ತು ವಾರ ಬೇಕಾಗಿರಲಿಲ್ಲ. ಬೇರೆ ವಿಷಯ ಇದೆ.

ಬಕೆಟ್ಟು, ಈರುಳ್ಳಿ ಎಲ್ಲ ನಮ್ಮ ಮನೆಯ ನಿಯಮ ಎಂದು ಬರೆದಿದ್ದೆ. ಎಷ್ಟು ವರ್ಷದ ನಿಯಮ ಎಂದು ಬರೆಯಲಿಲ್ಲ. ಲೋರಿನ್ ಬದುಕಿದ್ದಾಗ ಅದು ನಡೆದದ್ದು ಒಂದೇ ಬೇಸಿಗೆ. ಅದಕ್ಕೆ ಮೊದಲು ಇಪ್ಪತ್ತೈದು ವರ್ಷ ನಾವೂ ಎಲ್ಲರ ಹಾಗೆ ತಿಂದುಕೊಂಡಿದ್ದವರು. 1921ರ ಕ್ರಿಸ್‌ಮಸ್‌ಗೆ ಅವರು ಹೊಸ ಪುಸ್ತಕ ತಂದರು, ಮಾರ್ಚಿನಲ್ಲಿ ಓದುತ್ತಾ ಓದುತ್ತಾ ಈ ಸಾಲಿಗೆ ಬಂದು ನಿಂತರು. “ಇಷ್ಟು ವರ್ಷ ನಮ್ಮ ಕಣ್ಣಿಗೇ ಬೀಳ್ಲಿಲ್ವಲ್ಲ ಆರ್ವಿ. ಈ ಬೇಸಿಗೆಯಿಂದ ಬಿಟ್ಟುಬಿಡೋಣ. ನಾನು ಕೇಳಿದ್ರೂ ಕೊಡ್ಬೇಡ. ಬಾಯಿಚಪಲ ಅದು” ಎಂದರು. ನಾನು ಆಗಲಿ ಎಂದೆ. ಮಾತು ಕೊಟ್ಟರೆ ಉಳಿಸಿಕೊಳ್ಳುವವಳು ಎಂದು ನನಗೆ ಹೆಮ್ಮೆ.

ಜುಲೈನಲ್ಲಿ ಅವರಿಗೆ ಹೊಟ್ಟೆಯ ಕಾಯಿಲೆ ಹಿಡಿಯಿತು. ಆಗಸ್ಟ್ ಕೊನೆಯ ಹೊತ್ತಿಗೆ ಹಾಸಿಗೆಯಲ್ಲಿ ಅವರಿದ್ದಾರೋ ಇಲ್ಲವೋ ಎನ್ನುವಷ್ಟಾಗಿದ್ದರು. ಒಂದು ಮಂಗಳವಾರ ಬೆಳಿಗ್ಗೆ, “ಕುರಿಮಾಂಸದ ಸಾರು ಒಂಚೂರು ಮಾಡ್ತೀಯಾ?” ಎಂದು ಕೇಳಿದರು. ನಾನು, “ಬಕೆಟ್ ನೀರು ಕಟ್ಲಿ, ಮಾಡ್ತೀನಿ” ಎಂದೆ. ಅವರು ನಕ್ಕರು. ನಕ್ಕದ್ದರಿಂದ ನನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡೆ. ಗುರುವಾರ ಮತ್ತೆ ಕೇಳಿದರು. ಆ ಸಲ ನಗಲಿಲ್ಲ. ನಾನು ಬಾರ್ಲಿ ಗಂಜಿ ತಂದಿಟ್ಟೆ. ಅವರು ಗೋಡೆಯ ಕಡೆ ತಿರುಗಿಕೊಂಡರು. ಶನಿವಾರ ತೀರಿಕೊಂಡರು.

ಹಿತ್ತಿಲಲ್ಲಿ ಕುರಿ ಇತ್ತು, ಒಲೆಯಲ್ಲಿ ಬೆಂಕಿ ಇತ್ತು. ಎರಡು ಗಂಟೆಯ ಕೆಲಸ.

ಆ ಸಾಲಿನಲ್ಲಿ ಅಲ್ಪವಿರಾಮ ಇರುವವರೆಗೆ ನಾನು ಗಂಡನಿಗೆ ಕೊಟ್ಟ ಮಾತು ಉಳಿಸಿಕೊಂಡ ಹೆಂಡತಿ. ಅದಿಲ್ಲದ ನಿಮ್ಮ ಪುಸ್ತಕದಲ್ಲಿ ನಾನು ಏನು? ಇದನ್ನು ಯೋಚಿಸಿಯೇ ಹತ್ತು ವಾರ ಕಳೆಯಿತು. ಮೇಜಿನ ಷರತ್ತು ಹಾಕಿದ್ದು ನಿಮ್ಮ ಕೈ ನೋಡಲು ಅಲ್ಲ, ಥೋರ್ವಾಲ್. ಬೇಸಿಗೆಯಲ್ಲಿ ನಿಮಗೆ ಸಾರು ಬಡಿಸಿದರೆ, ಅವರಿಗೆ ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಆ ಲೋಕದಲ್ಲಿ ಅವರು ನನಗೆ ಎದುರಾಗುವವರೇ. ಮೊದಲ ಮಾತು ಏನು ಕೇಳುತ್ತಾರೋ ಎಂದು ನನಗೆ ಭಯ.

ಇಂಥವಳನ್ನು ಕೇಳಿದ್ದೀರಿ ಎಂದು ನಿಮಗೆ ಗೊತ್ತಿರಬೇಕು. ಉತ್ತರ ಬರದಿದ್ದರೆ ತಪ್ಪು ತಿಳಿಯುವುದಿಲ್ಲ. ಕಾರೆನ್ ಅವರ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿ ಕಳಿಸಿದ್ದೇನೆ.

ಆರ್ವಿಲ್ಲಾ


ಸ್ಪ್ರಿಂಗ್ ಸಿಟಿ
6 ಜುಲೈ 1924

ಆರ್ವಿಲ್ಲಾ ಅವರಿಗೆ,

ಪುಸ್ತಕ ಬಂತು, ಕಾಗದವೂ ಬಂತು. ಕೋಪ ಇದ್ದದ್ದು ಕೆಂಪು ಶಾಯಿಯ ಮೇಲೆ. ಈಗ ಇಲ್ಲ.

ನೀವು ಮಾಡಿದ್ದು ಸರಿ ಎಂದು ಬರೆಯೋಣವೆಂದು ಕೂತೆ, ಆಗಲಿಲ್ಲ. ತಪ್ಪು ಎಂದೂ ಬರೆಯಲಾರೆ. ಆ ಕೋಣೆಯಲ್ಲಿ ನಾನಿರಲಿಲ್ಲ. ನಾನಿದ್ದ ಕೋಣೆಯ ವಿಷಯ ಬರೆಯುತ್ತೇನೆ, ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಕಾರೆನ್‌ಗೆ 1919ರ ಶರತ್ಕಾಲದಲ್ಲಿ ಕ್ಷಯ ಬಲಿಯಿತು. ನಾನು ಕಸಾಯಿ. ಊರಿಗೆಲ್ಲ ಮಾಂಸ ಕೊಡುವವನ ಹೆಂಡತಿ ಕಡ್ಡಿಯಾಗಿ ಸಾಯುವುದೆಂದರೆ ಏನು? ದಿನಾ ಮೂಳೆ ಒಡೆದು ಬೆಳಗಿನಿಂದ ಕುದಿಸಿ, ಸೋಸಿ, ದಿನಕ್ಕೆ ನಾಲ್ಕು ಸಲ ಚಮಚದಲ್ಲಿ ಕುಡಿಸಿದೆ. ಮೊದಲು ಕುಡಿದಳು. ಆಮೇಲೆ ವಾಂತಿ ಮಾಡಿಕೊಂಡಳು. ಆಮೇಲೆ, “ಸಾಕು ಥೋರ್ವಾಲ್, ವಾಸನೇನೇ ತಡೆಯೋಕಾಗ್ತಿಲ್ಲ” ಎಂದಳು. ನಾನು ಬಿಡಲಿಲ್ಲ. ಇದೊಂದು ಚಮಚ, ಇದೊಂದೇ ಚಮಚ ಎಂದು ನಲವತ್ತು ದಿನ ನಡೆಸಿದೆ. ಕೊನೆಗೆ ಅವಳು ಹಲ್ಲು ಕಚ್ಚಿಕೊಳ್ಳಲು ಶುರುಮಾಡಿದಳು. ಚಮಚದ ಹಿಡಿಯಿಂದ ನಾನು ಅವಳ ಬಾಯಿ ತೆರೆದೆ. ಒಂದು ಹಲ್ಲು ಮುರಿಯಿತು. ಡಾಗ್ಮಾರ್ ನನ್ನ ಕೈಯಿಂದ ಚಮಚ ಕಿತ್ತುಕೊಂಡು ಹಿತ್ತಿಲಿಗೆ ಎಸೆದಳು. ನಾನು ಒಳಗೆ ಹೋಗಿ ಬೇರೆ ಚಮಚ ತಂದೆ.

ಅದಾದ ಮೇಲೆ ಕಾರೆನ್ ನನ್ನೊಡನೆ ಮಾತಾಡಲಿಲ್ಲ. ಐದನೆಯ ದಿನ ಹೋದಳು.

ಅಂತ್ಯಕ್ರಿಯೆಯಲ್ಲಿ ಬಿಷಪ್ ನನ್ನನ್ನು ಹೊಗಳಿದರು. ಇಂಥ ಗಂಡ ಎಲ್ಲಿ ಸಿಗುತ್ತಾನೆ ಎಂದರು. ಹೆಂಗಸರು ಕಣ್ಣೊರೆಸಿಕೊಂಡರು. ಅದು ನವೆಂಬರ್ ತಿಂಗಳು, ಹೊರಗೆ ಮೊಣಕಾಲುದ್ದ ಹಿಮ. ನಿಮ್ಮ ಪುಸ್ತಕದ ಪ್ರಕಾರವೂ ಸರಿ, ನನ್ನ ಪುಸ್ತಕದ ಪ್ರಕಾರವೂ ಸರಿ. ನಾನು ಒಂದು ಸಾಲನ್ನೂ ಮೀರಲಿಲ್ಲ.

ನಿಮಗೆ ನಿಮ್ಮವರು ಮೊದಲು ಏನು ಕೇಳುತ್ತಾರೋ ಎಂಬ ಭಯ. ನನ್ನವಳು ಬಾಯಿ ಬಿಡುತ್ತಾಳೋ ಇಲ್ಲವೋ ಎಂಬುದು ನನ್ನ ಭಯ.

ನಾನು ಇಂಥವನು ಎಂದು ನೀವೂ ತಿಳಿದುಕೊಂಡು ಉತ್ತರ ಕೊಡಿ.

ಥೋರ್ವಾಲ್


ವೆಲ್ಸ್‌ವಿಲ್
20 ಜುಲೈ 1924

ಥೋರ್ವಾಲ್ ಅವರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ನಿಮ್ಮ ಮೇಲೆ ವಿಪರೀತ ಸಿಟ್ಟಿತ್ತು. ಆ ಹಲ್ಲಿನ ವಿಷಯ ಮನಸ್ಸಿನಿಂದ ಹೋಗಲೇ ಇಲ್ಲ. ಮುಖವನ್ನೇ ನೋಡದ ಆ ಹೆಂಗಸಿಗಾಗಿ ಅತ್ತೆ. ಲೋರಿನ್‌ಗಾಗಿ ನಾನು ಅಷ್ಟು ಅತ್ತಿರಲಿಲ್ಲ. ಅತ್ತರೆ ತಪ್ಪು ಒಪ್ಪಿಕೊಂಡಂತೆ ಎಂದು ತಡೆದಿಟ್ಟಿದ್ದೆನೋ ಏನೋ. ಮೂರನೆಯ ದಿನ ಅವರಿಗಾಗಿಯೂ ಅತ್ತೆ, ಆಮೇಲೆ ಸಿಟ್ಟು ಇರಲಿಲ್ಲ.

ಚಿಕ್ಕಮ್ಮನಿಗೆ ಏನನ್ನೂ ಹೇಳಲಿಲ್ಲ. ನಿಮ್ಮಿಂದ ಕಾಗದ ಬಂತೆಂದು ಮಾತ್ರ ಹೇಳಿದೆ. “ಬದುಕಿದಾನಾ? ಹಂಗಾದ್ರೆ ಹೋಗು. ಇಲ್ಲಿ ಕೂತು ಬಕೆಟ್ ಕಾಯ್ತೀಯಾ?” ಎಂದರು.

ಮೇಜಿನ ಷರತ್ತನ್ನು ವಾಪಸು ತೆಗೆದುಕೊಂಡಿದ್ದೇನೆ. ನಾನು ಬೇಸಿಗೆಯಲ್ಲಿ ತಿನ್ನುವುದಿಲ್ಲ. ಲೋರಿನ್ ಹೇಳಿದ್ದರೆಂದಲ್ಲ, ಆ ಸಾಲನ್ನು ಅಲ್ಪವಿರಾಮ ತೆಗೆದು ಹತ್ತು ಸಲ ಓದಿದ ಮೇಲೂ, ಬೇಕಾದಾಗ ಮಾತ್ರ ಒಂದು ಜೀವ ತೆಗೆಯಿರಿ ಎಂದು ಹೇಳಿದ ಹಾಗೆಯೇ ನನಗೆ ಕೇಳಿಸುತ್ತದೆ. ನಿಮಗೆ ಬೇರೆ ಕೇಳಿಸಿದರೆ ನೀವು ತಿನ್ನಿ. ಒಂದೇ ಮೇಜಿನಲ್ಲಿ ಕೂತು ತಿನ್ನಿ. ನಿಮ್ಮ ಕೈ ನೋಡುವುದಿಲ್ಲ.

ಬೇರೆ ಷರತ್ತಿದೆ. ಇದಕ್ಕೆ ಒಪ್ಪದಿದ್ದರೆ ನಾನು ಬರುವುದಿಲ್ಲ. ನಮ್ಮಿಬ್ಬರಲ್ಲಿ ಯಾರು ಮೊದಲು ಹಾಸಿಗೆ ಹಿಡಿದರೂ, ಇನ್ನೊಬ್ಬರು ಅವರನ್ನು ದಿನಾ ಕೇಳಬೇಕು. ಆ ದಿನ ಹೇಳಿದ್ದನ್ನು ಆ ದಿನ ನಡೆಸಬೇಕು. ಬೇಕು ಎಂದರೆ ಕೊಡಬೇಕು, ಸಾಕು ಎಂದರೆ ಕೆಳಗಿಡಬೇಕು. ಹಿಂದೆ ಏನು ಮಾತು ಕೊಟ್ಟಿದ್ದೆವು, ಪುಸ್ತಕದಲ್ಲಿ ಏನಿದೆ, ನಾಳೆ ಊರಿನವರು ಏನೆನ್ನುತ್ತಾರೆ, ಯಾವುದೂ ಲೆಕ್ಕಕ್ಕಿಲ್ಲ. ನಾನು ಹಟಮಾರಿ, ನೀವು ನನಗಿಂತ ಹಟಮಾರಿ. ಆದ್ದರಿಂದ ಇದನ್ನು ಬಾಯಿಮಾತಿನಲ್ಲಿ ಬಿಡದೆ ಬರೆದು ಕಳಿಸಿ.

ಒಪ್ಪಿಗೆಯಾದರೆ ಆಗಸ್ಟ್ 14, ಗುರುವಾರ, ಮ್ಯಾಂಟೈ ದೇವಾಲಯದಲ್ಲಿ ಆಗಬಹುದು. ಹಿಂದಿನ ದಿನದ ರೈಲಿಗೆ ಬರುತ್ತೇನೆ.

ಆರ್ವಿಲ್ಲಾ


ಸ್ಪ್ರಿಂಗ್ ಸಿಟಿ
27 ಜುಲೈ 1924

ಆರ್ವಿಲ್ಲಾ,

ಒಪ್ಪಿದ್ದೇನೆ. ಬರೆದುಕೊಟ್ಟಿದ್ದೇನೆ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ.

ಬುಧವಾರದ ರೈಲು ಮಧ್ಯಾಹ್ನ ಮೂರಕ್ಕೆ ಬರುತ್ತದೆ. ಬಂಡಿ ತೊಳೆದು ತರುತ್ತೇನೆ. ಅವತ್ತು ನಿಮಗೆ ಊಟಕ್ಕೆ ಏನು ಮಾಡಬೇಕೆಂದು ಡಾಗ್ಮಾರ್ ಈಗಿನಿಂದಲೇ ನನ್ನ ತಲೆ ತಿನ್ನುತ್ತಿದ್ದಾಳೆ. “ಅವರು ಬಂದ್ಮೇಲೆ ಕೇಳೋಣ” ಎಂದೆ. “ಬಂದ್ಮೇಲೆ ಕೇಳಿದ್ರೆ ಮಾಡೋಕೆ ಹೊತ್ತೆಲ್ಲಿದೆ ಭಾವ? ಕಾಗದದಲ್ಲಿ ಕೇಳ್ಬಿಡಿ” ಎಂದಳು.

ಕಾಗದದಲ್ಲಿ ಕೇಳುವುದಿಲ್ಲ. ಊಟ ಸ್ವಲ್ಪ ತಡವಾಗಬಹುದು, ಆದರೆ ನೀವು ಬಂದ ಮೇಲೇ ಕೇಳುತ್ತೇನೆ.

ಥೋರ್ವಾಲ್